ಲಾರಿಯಲ್ಲಿ ಸತ್ತವನಿಗೆ ವೀರಗಲ್ಲು

ನಮ್ಮಕ್ಕನಿಗೆ ತನ್ನ ಮಗನಿಗಾಗಿ ಒಂದು ವೀರಗಲ್ಲು ನಿಲ್ಲಿಸಬೇಕಿತ್ತು. ಸಿಮೆಂಟಿನ ಬೊಂಬೆ ಬೇಡ, ಬಂದೂಕು ಹಿಡಿದ ಪ್ರತಿಮೆ ಬೇಡ, ಸುತ್ತ ಸ್ಟೀಲ್ ಕಟಕಟೆಯೂ ಬೇಡ. ಹಳೇ ಕಾಲದಲ್ಲಿ ನಿಲ್ಲಿಸುತ್ತಿದ್ದರಲ್ಲ, ಚಪ್ಪಡಿಯ ಮೇಲೆ ಅಂಕಣ ಅಂಕಣವಾಗಿ ಕೆತ್ತಿದ್ದು, ಅಂಥದ್ದೇ ಆಗಬೇಕು. ಅವಳನ್ನು ಕೊಟ್ಟ ಊರು ತೆಲುಗು ಸೀಮೆಯ ಕಂಬದೂರಿನಿಂದ ಸ್ವಲ್ಪ ಒಳಗೆ. ಅಲ್ಲಿ ಕೆರೆ ಏರಿಯ ಕೆಳಗೆ ಅಂಥ ಕಲ್ಲುಗಳ ಒಂದು ಸಾಲೇ ಇದೆ. ಆ ಸಾಲಿನಲ್ಲಿ ಮಗನದೂ ನಿಲ್ಲಲಿ ಎಂದು ಅವಳು ಕೇಳಿದಳು. ಊರಿನವರು ಒಪ್ಪಲಿಲ್ಲ. ಹುಡುಗ ಸೈನ್ಯದಲ್ಲಿದ್ದದ್ದು ನಿಜ, ಆದರೆ ಕಾದಾಡಿ ಸಾಯಲಿಲ್ಲವಲ್ಲ ಎಂದರು.

ಅದೂ ನಿಜವೇ. ಎಲ್ಲೋ ಬೆಟ್ಟದ ರಸ್ತೆಯಲ್ಲಿ ಇವನಿದ್ದ ಲಾರಿ ಹೋಗುತ್ತಿರುವಾಗ ಗುಡ್ಡ ಕುಸಿದು, ಮಣ್ಣು ಬಂಡೆ ಎಲ್ಲ ಸೇರಿ ಲಾರಿಯನ್ನು ನದಿಗೆ ತಳ್ಳಿತು. ಎದುರಿಗೆ ಶತ್ರು ಇರಲಿಲ್ಲ. ಒಂದು ಗುಂಡೂ ಹಾರಲಿಲ್ಲ. ಅವತ್ತು ಮಳೆ ಜೋರಾಗಿತ್ತಂತೆ, ನಮಗೆ ಗೊತ್ತಾಗಿದ್ದು ಅಷ್ಟೆ.

ಅಕ್ಕ ಈ ವಿಷಯಕ್ಕೆ ನನ್ನನ್ನೇ ಕರೆಸಿದ್ದಕ್ಕೆ ಕಾರಣವಿದೆ. ಹಿಂದೂಪುರದಲ್ಲಿ ನನ್ನದು ಹುಣಸೆಹಣ್ಣಿನ ಮಂಡಿ. ಹಣ್ಣಿನ ಕಾಲ ಮುಗಿದ ಮೇಲೆ ಮಂಡಿಯಲ್ಲಿ ನೊಣ ಹೊಡೆಯುವುದು ಬಿಟ್ಟು ಬೇರೆ ಕೆಲಸವಿಲ್ಲ. ಆಗ ಸ್ಕೂಟರ್ ತೆಗೆದು ಕೋಟೆ, ದಂಡು ಬೀಡುಬಿಟ್ಟ ಬಯಲು, ರಸ್ತೆ ಪಕ್ಕದ ವೀರಗಲ್ಲು ಅಂತ ಸುತ್ತುವುದು ನನ್ನ ಹುಚ್ಚು. ಬದುಕಿರೋರ ಮನೆಗೆ ಕರೆದರೆ ಬರಲ್ಲ, ಸತ್ತೋರ ಕಲ್ಲು ಅಂದರೆ ಉಂಡ ಕೈ ಕೂಡ ತೊಳೆಯದೆ ಹೊರಡುತ್ತಾರೆ ಎಂದು ನನ್ನ ಹೆಂಡತಿ ಬಂದವರೆದುರಿಗೆಲ್ಲ ಆಡಿಕೊಳ್ಳುತ್ತಾಳೆ. ಅಕ್ಕನ ಮಗನೂ ರಜೆಗೆ ಬಂದಾಗ ಒಂದೆರಡು ಸಲ ಸ್ಕೂಟರಿನ ಹಿಂದೆ ಕೂತು ಬಂದಿದ್ದ. ಪೆನುಕೊಂಡದ ಬೆಟ್ಟ ಹತ್ತಿಸಿ ಬುರುಜು ತೋರಿಸಿ ನಾನು ಉತ್ಸಾಹದಿಂದ ಮುತ್ತಿಗೆಯ ಕಥೆ ಹೇಳುತ್ತಿದ್ದರೆ ಅವನು ಸುತ್ತಲೂ ನೋಡಿ, ಇಷ್ಟು ಜನಕ್ಕೆ ನೀರು ಎಲ್ಲಿಂದ ಹೊರುತ್ತಿದ್ದರು ಮಾವ, ಕಕ್ಕಸಿಗೆ ಎಲ್ಲಿಗೆ ಹೋಗುತ್ತಿದ್ದರು ಎಂದು ಕೇಳಿದ. ನನ್ನ ಕಥೆಯ ಗಾಳಿಯೆಲ್ಲ ಇಳಿದುಹೋಯಿತು. ಆಗ ಸಿಟ್ಟು ಬಂದಿತ್ತು.

ಊರಿನ ಬಸವಣ್ಣನ ಗುಡಿಯ ಮುಂದೆ ಮಾತಿಗೆ ಕೂತೆವು. ನಮ್ಮ ಭಾವ, ಅಂದರೆ ಹುಡುಗನ ತಂದೆ, ಕಂಬಕ್ಕೆ ಒರಗಿ ನೆಲ ನೋಡುತ್ತ ಕೂತಿದ್ದರು. ಊರ ಹಿರಿಯರೊಬ್ಬರು ನಮಗೆಲ್ಲ ಟೀ ತರಿಸಿ, ತಾವು ಕುಡಿಯದೆ ಲೋಟ ಪಕ್ಕಕ್ಕಿಟ್ಟು ಹೇಳಿದರು: "ಈರಗಲ್ಲು ಅಂದ್ರೆ ಕೆಳಗ್ಡೆ ಕಾಳಗ ಇರ್ಬೇಕು ಕಣಪ್ಪ. ಸತ್ತಿದ್ದು ಹೆಂಗೆ ಅಂತ ಅಲ್ಲೇ ತೋರುಸ್ಬೇಕು. ನೀವು ಅಲ್ಲೇನು ಕೆತ್ತುಸ್ತೀರ? ಲಾರೀನಾ?"

ಯಾರೂ ನಗಲಿಲ್ಲ. ಅವರು ಕುಹಕಕ್ಕೆ ಹೇಳಿದ್ದರೆ ನಾನೂ ನಾಲ್ಕು ಮಾತು ಬಿಗಿಯುತ್ತಿದ್ದೆ. ಆ ಮನುಷ್ಯ ನಿಜಕ್ಕೂ ಕೇಳುತ್ತಿದ್ದರು. ಹೆಣ ಬಂದ ದಿನ ಇದೇ ಊರಿನವರು ಬಸ್ ಸ್ಟಾಪಿನಲ್ಲಿ ಹುಡುಗನ ಫೋಟೋ ಹಾಕಿ ಮಾರುದ್ದದ ಫ್ಲೆಕ್ಸ್ ಕಟ್ಟಿದ್ದರು. ಅದರ ಮೇಲೆ ತೆಲುಗಿನಲ್ಲಿ ವೀರ ಜವಾನ್ ಎಂದು ಬರೆಸಿದ್ದರು. ಆಗ ವೀರನಾಗಿದ್ದವನು ಈಗ ಹೇಗೆ ಅಲ್ಲದೆ ಹೋದ ಎಂದು ಕೇಳಿದೆ. ಫ್ಲೆಕ್ಸಿನ ಮಾತು ಬೇರೆ, ಕಲ್ಲಿನ ಮಾತು ಬೇರೆ ಎಂದರು ಹಿರಿಯರು. ಫ್ಲೆಕ್ಸು ಗಾಳಿಗೆ ಹರಿದುಹೋಗುತ್ತೆ, ಕಲ್ಲಿಗೆ ನಮ್ಮ ಮೊಮ್ಮಕ್ಕಳೂ ಕಾಯಿ ಒಡೆಯಬೇಕು, ಅದರಲ್ಲಿ ಇಲ್ಲದ್ದು ಇರಬಾರದು ಎಂದರು. ಅವರ ಮಾತಿಗೆ ನನಗೆ ಹಟ ಬಂತು. ಕಾದಾಡದೆ ಸತ್ತವನಿಗೆ ನಿಲ್ಲಿಸಿದ ವೀರಗಲ್ಲು ಈ ಸೀಮೆಯಲ್ಲಿ ಒಂದಾದರೂ ಇರಲೇಬೇಕು, ಹುಡುಕಿ ಫೋಟೋ ತೆಗೆದುಕೊಂಡು ಬಂದು ತೋರಿಸುತ್ತೇನೆ ಎಂದು ಎದ್ದೆ.

ಹೀಗೆ ನನ್ನ ಹುಚ್ಚು ಕೆಲಸವಾಯಿತು. ಮೊದಲೆಲ್ಲ ಖುಷಿಗೆ ಸುತ್ತುತ್ತಿದ್ದ ದಾರಿಗಳಲ್ಲೇ ಈಗ ಸಾವಿನ ಕಾರಣ ಹುಡುಕುತ್ತ ಹೊರಟೆ.

ಸೋಮಂದೇಪಲ್ಲಿಯ ಕಡೆ ಒಂದು ಪಂಚರ್ ಅಂಗಡಿಯ ಹಿಂದೆ ಒಂದು ಕಲ್ಲಿದೆ. ಅದಕ್ಕೆ ಹಳೇ ಟೈರುಗಳನ್ನು ಒರಗಿಸಿದ್ದರು. ಅಂಗಡಿಯವನನ್ನು ಕೇಳಿ ಟೈರು ಸರಿಸಿ, ಬಾಟಲಿ ನೀರಿನಿಂದ ಮಣ್ಣು ತೊಳೆದು ನೋಡಿದರೆ ಹಂದಿಯ ಹೊಟ್ಟೆಗೆ ಈಟಿ ಹಾಕಿದ ಗಂಡಸು. ಹಂದಿ ಅವನ ತೊಡೆಗೆ ಕೋರೆ ಹಾಕಿದೆ. ಅದೂ ಕಾಳಗವೇ. ಇನ್ನೊಂದು ಕಲ್ಲು ಬೇವಿನ ಮರದಡಿ ಇತ್ತು, ಅದಕ್ಕೆ ಯಾರೋ ಭಕ್ತಿಯಿಂದ ಹಳದಿ ಆಯಿಲ್ ಪೇಂಟ್ ಬಳಿದು ಕಣ್ಣು ಮೀಸೆ ಬರೆದಿದ್ದರು. ಕೆಳಗಿನ ಅಂಕಣದಲ್ಲಿ ಏನಿತ್ತೋ, ಪೇಂಟಿನೊಳಗೆ ಮುಚ್ಚಿಹೋಗಿತ್ತು. ಅಲ್ಲಿದ್ದ ಹೆಂಗಸು, ಮುಟ್ಟಬೇಡಿ ಸ್ವಾಮಿ, ಮೈಲಿಗೆಯಾಗುತ್ತೆ ಎಂದು ತೆಲುಗಿನಲ್ಲಿ ಗದರಿದಳು. ಪೇಂಟು ಬಳಿದವನ ಮೇಲೆ ಬಂದ ಕೋಪವನ್ನು ಸ್ಕೂಟರಿನ ಕಿಕ್ಕರ್ ಮೇಲೆ ತೀರಿಸಿಕೊಂಡೆ.

ಪೆನುಕೊಂಡಕ್ಕೆ ಹೋಗುವ ದಾರಿಯಲ್ಲಿ ದಂಡಿನ ಹೊಲ ಎಂದು ಕರೆಯುವ ಬಯಲೊಂದಿದೆ. ಯಾವ ಕಾಲದ್ದೋ, ಯಾರ ಸೈನ್ಯವೋ, ಅಲ್ಲಿ ಬಂದು ಇಳಿದಿತ್ತಂತೆ. ಈಗ ಕಡಲೆಕಾಯಿ ಹಾಕಿದ್ದಾರೆ. ಕಳೆ ತೆಗೆಯುತ್ತಿದ್ದವನ ಹತ್ತಿರ, ಉಳುವಾಗ ಏನಾದರೂ ಸಿಕ್ಕಿದ್ದುಂಟಾ ಎಂದು ವಿಚಾರಿಸಿದೆ. ಬ್ರಾಂಡಿ ಬಾಟಲಿಯ ಚೂರು ಬೇಕಾದಷ್ಟು ಸಿಗುತ್ತವೆ, ಕಾಲು ನೋಡಿಕೊಂಡು ಇಡಿ ಎಂದ. ಬದುವಿನ ಮೇಲೆ ಕೂತು ಯೋಚಿಸಿದೆ. ಅಷ್ಟು ದೊಡ್ಡ ದಂಡು ಇಲ್ಲಿ ತಿಂಗಳಾನುಗಟ್ಟಲೆ ಬಿದ್ದಿದ್ದರೆ ಅದರಲ್ಲಿ ಭೇದಿ ಹತ್ತಿ ಸತ್ತವರೆಷ್ಟೋ, ಬಂಡಿಯ ಗಾಲಿಗೆ ಸಿಕ್ಕವರೆಷ್ಟೋ, ಜ್ವರ ಬಂದು ಮರದಡಿ ಬಿದ್ದವರನ್ನು ಅಲ್ಲೇ ಬಿಟ್ಟು ಹೋದದ್ದೆಷ್ಟೋ. ಕತ್ತಿಗೆ ಸಿಕ್ಕವರಿಗಿಂತ ಇವರೇ ಹೆಚ್ಚಿರಬೇಕು. ಅವರ ತಾಯಂದಿರೂ ಊರಿನಲ್ಲಿ ದಾರಿ ನೋಡಿರುತ್ತಾರೆ. ಹಾಗೆ ಸತ್ತವರಿಗೆ ಒಂದು ಕಲ್ಲೂ ಇಲ್ಲ. ಇದನ್ನೆಲ್ಲ ಆ ಹುಡುಗನ ಹತ್ತಿರ ಹೇಳಬೇಕಿತ್ತು ಅನ್ನಿಸಿತು, ಅವನು ನೀರಿನ ವಿಷಯ ಕೇಳಿದ ದಿನವೇ.

ಕಲ್ಯಾಣದುರ್ಗದ ರಸ್ತೆಯಲ್ಲಿ ಹಸುಗಳನ್ನು ಕೆತ್ತಿದ ಒಂದು ಚಂದದ ಕಲ್ಲು ಸಿಕ್ಕಿತು. ಊರ ದನಗಳನ್ನು ಯಾರೋ ಹೊಡೆದುಕೊಂಡು ಹೋಗುತ್ತಿದ್ದಾರೆ, ಇವನು ಬಿಲ್ಲು ಹಿಡಿದು ಅಡ್ಡ ನಿಂತಿದ್ದಾನೆ. ಎದೆಗೆ ಬಾಣ ನೆಟ್ಟಿವೆ. ಮೈಮೇಲೆ ಒಂದು ಒಡವೆಯಿಲ್ಲ, ಸೊಂಟಕ್ಕೆ ತುಂಡು ಬಟ್ಟೆ. ದನಗಳು ಇವನವೇ ಆಗಿದ್ದವೆಂದು ನನಗೇನೂ ಅನ್ನಿಸಲಿಲ್ಲ. ಯಾರದೋ ದನ ಕಾಯುತ್ತಿದ್ದ ಜೀತದವನಿರಬೇಕು. ದನದ ಒಡೆಯ ಮನೆಯಲ್ಲೇ ಉಳಿದ, ಬಹುಶಃ ಕಲ್ಲನ್ನೂ ಅವನೇ ನಿಲ್ಲಿಸಿದ, ದೊಡ್ಡ ಮನಸ್ಸು ಮಾಡಿ. ಅದರಾಚೆ ಒಂದು ಕ್ರಾಸಿನಲ್ಲಿ ಈ ಕಾಲದ ಸೈನಿಕನೊಬ್ಬನ ಅರ್ಧಪ್ರತಿಮೆ ಇತ್ತು. ಮೂಗಿನ ಬಣ್ಣ ಎದ್ದುಹೋಗಿ ಸಿಮೆಂಟು ಕಾಣುತ್ತಿತ್ತು. ಮೇಕೆಗಳು ಅದರ ನೆರಳಿನಲ್ಲಿ ಮಲಗಿದ್ದವು. ಅಕ್ಕ ಪ್ರತಿಮೆ ಬೇಡವೆಂದದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ನಾನು ಬಯಸಿದ ಕಲ್ಲು ಸಿಗಲಿಲ್ಲ. ಹುಲಿ, ಹಂದಿ, ದನಗಳ್ಳರು, ಕುದುರೆ ಸವಾರರು, ಎಲ್ಲ ಕಲ್ಲಿನ ಕೆಳಗೂ ಯಾರೋ ಒಬ್ಬ ಯಾರನ್ನೋ ಹೊಡೆಯುತ್ತಲೇ ಇದ್ದ. ಮಧ್ಯದ ಅಂಕಣದಲ್ಲಿ ದೇವಲೋಕದ ಹೆಂಗಸರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ಮೇಲಿನದರಲ್ಲಿ ಅವನು ಕೈಲಾಸ ಸೇರಿರುತ್ತಾನೆ. ಅವೆರಡೂ ಎಲ್ಲ ಕಲ್ಲಲ್ಲೂ ಒಂದೇ ಥರ, ಅದಕ್ಕೇ ಫೋಟೋ ತೆಗೆಯುವಾಗಲೂ ನಾನು ಬಗ್ಗಿ ಕೆಳಗಿನದನ್ನೇ ತೆಗೆಯುತ್ತಿದ್ದೆ.

ಸೋತು, ವಾಪಸು ಬರುವಾಗ ಹೆದ್ದಾರಿಯ ಪಕ್ಕ ಆಂಜನೇಯ, ನಾಗರಕಲ್ಲು ಕೆತ್ತಿ ಮಾರುವ ಒಂದು ಶೆಡ್ಡಿನ ಮುಂದೆ ನಿಲ್ಲಿಸಿದೆ. ಕೆತ್ತುವವನು ತೆಲುಗಿನವನು, ಮಾತುಗಾರ, ವ್ಯಾಪಾರ ಬಲ್ಲವನು. ನನ್ನ ಗೋಳು ಕೇಳಿ ಫೋನಿನಲ್ಲಿ ಒಂದು ಚಿತ್ರ ತೆಗೆದು ಮುಂದೆ ಹಿಡಿದ. ಮೂರು ಅಂಕಣದ ವೀರಗಲ್ಲೇ, ಕೆಳಗೆ ಮಾತ್ರ ಟೋಪಿ ಹಾಕಿದ ಜವಾನ ಬಂದೂಕು ಹೊಡೆಯುತ್ತಿದ್ದಾನೆ, ಎದುರಿನವರು ಇಬ್ಬರು ಉರುಳುತ್ತಿದ್ದಾರೆ. ಇದನ್ನೇ ಹಾಕಿಸಿ ಸಾರ್, ಇನ್ನು ನೂರು ವರ್ಷ ಕಳೆದರೆ ಯಾರು ಕೇಳುತ್ತಾರೆ ಎಂದ.

ಆಸೆಯಾಯಿತು, ಸುಳ್ಳೇಕೆ ಹೇಳಲಿ. ನಾನು ನೋಡಿ ಬಂದ ಹುಲಿಗಳಲ್ಲಿ ಎಷ್ಟು ನಿಜವಾದ ಹುಲಿಗಳೋ ಯಾರಿಗೆ ಗೊತ್ತು. ಇದನ್ನು ತೋರಿಸಿದರೆ ಆ ಹಿರಿಯರೂ ಹೆಚ್ಚು ಕೆದಕುವುದಿಲ್ಲ, ಗಡಿಯಲ್ಲಿ ಏನಾಯಿತೆಂದು ನೋಡಿದವರಾರು ಎಂದು ಊರಲ್ಲಿ ಒಬ್ಬಿಬ್ಬರು ಆಗಲೇ ಮೆತ್ತಗಾಗಿದ್ದರು. ಆದರೆ ಮಗನ ಸಾವಿನ ಬಗ್ಗೆ ಸುಳ್ಳು ಕೆತ್ತಿಸುವುದಾದರೆ ತಾಯಿಯನ್ನು ಕೇಳದೆ ಆಗದು. ಚಿತ್ರವನ್ನು ನನ್ನ ಫೋನಿಗೆ ಹಾಕಿಸಿಕೊಂಡು ಮಾರನೆಯ ದಿನ ಅಕ್ಕನ ಊರಿಗೆ ಹೋದೆ.

ಅಕ್ಕ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಕೈ ಒರೆಸಿಕೊಂಡು ಫೋನು ಹಿಡಿದಳು. ಬಂದೂಕಿನ ವಿಷಯ ಹೇಗೆ ಶುರು ಮಾಡಲಿ ಎಂದು ನಾನು ತಡವರಿಸುತ್ತಿದ್ದರೆ ಅವಳು ಜವಾನನ ಮೇಲೆ ಕಣ್ಣೇ ಇಡದೆ ಬೆರಳಿನಿಂದ ಚಿತ್ರವನ್ನು ಕೆಳಕ್ಕೆ ಎಳೆದು, ಮೇಲಿನ ಅಂಕಣಕ್ಕೆ ಬಂದು ನಿಂತಳು.

"ಕೆಳಗ್ಡೇದು ನೀವು ಏನಾರಾ ಮಾಡ್ಕಳಿ. ಲಾರಿ ಕೆತ್ತುಸ್ರಿ, ಬ್ಯಾಡಾಂದ್ರೆ ಬುಟ್ಬುಡ್ರಿ," ಎಂದಳು. "ನಂಗೆ ಈ ಮ್ಯಾಲಿಂದು ಬೇಕು ಕಣ್ಲಾ. ಇಲ್ಲಿ ಕೂತವ್ನೆ ನೋಡು."

ಎಲ್ಲ ವೀರಗಲ್ಲಿನ ತುದಿಯಲ್ಲೂ ಇರುವುದು ಅದೇ. ನಡುವೆ ಲಿಂಗ, ಒಂದು ಕಡೆ ಬಸವ, ಇನ್ನೊಂದು ಕಡೆ ಸತ್ತವನು ಕಾಲು ಮಡಚಿ ಕೈಮುಗಿದು ಕೂತಿರುತ್ತಾನೆ. ನಾನು ಇದನ್ನು ನೂರಾರು ಸಲ ನೋಡಿದ್ದೇನೆ.

ನಾವು ಲಿಂಗ ಕಟ್ಟುವವರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಚಚ್ಚೌಕದ ಗುಂಡಿ ತೋಡಿ, ಅದರ ಒಂದು ಪಕ್ಕಕ್ಕೆ ಗೂಡು ಕೊರೆದು, ಆ ಗೂಡಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂರಿಸುತ್ತೇವೆ. ಕೊರಳಿನ ಲಿಂಗವನ್ನು ಎಡಗೈಯಲ್ಲಿ ಇಡುತ್ತೇವೆ. ಹುಡುಗ ಬರುವ ದಿನವೂ ಊರಿನವರು ಹಾಗೇ ಗುಂಡಿ ತೋಡಿ, ಗೂಡು ಕೊರೆದು, ವಿಭೂತಿ ತುಂಬಿಟ್ಟು ಕಾದಿದ್ದರು. ಬಾವುಟ ಹೊದಿಸಿದ ಉದ್ದನೆಯ ಪೆಟ್ಟಿಗೆ ಬರುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಪೆಟ್ಟಿಗೆ ಗುಂಡಿಯಲ್ಲಿ ಇಳಿಯಲಿಲ್ಲ. ಬಿಸಿಲಿನಲ್ಲಿ ಬಂದೂಕು ಹಿಡಿದ ಜವಾನರು ಸಾಲಾಗಿ ನಿಂತಿದ್ದ ಹಾಗೇ, ಭಾವ ಪಂಚೆ ಎತ್ತಿ ಕಟ್ಟಿ ಗುಂಡಿಗಿಳಿದು ಊರಿನವರ ಜೊತೆ ಗುದ್ದಲಿ ಹಾಕಿ ಉದ್ದ ಮಾಡತೊಡಗಿದರು. ಅಷ್ಟು ಹೊತ್ತೂ ಅಕ್ಕ ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡು, ಒಂದು ಸಲ ತೆಗೆಯಿರಪ್ಪ, ನನ್ನ ಕೈಯಾರೆ ಕೂರಿಸುತ್ತೇನೆ ಎಂದು ಜವಾನರನ್ನು ಒಬ್ಬೊಬ್ಬರಾಗಿ ಬೇಡುತ್ತಿದ್ದಳು. ಅವರಿಗೆ ಕನ್ನಡವೂ ಬಾರದು, ತೆಲುಗೂ ಬಾರದು. ಅವರ ದೊಡ್ಡವನು ತಲೆ ತಗ್ಗಿಸಿ ಮೆಲ್ಲಗೆ ಏನೋ ಹೇಳಿದ. ತೆಗೆಯದಿರುವುದೇ ಒಳ್ಳೆಯದಂತೆ ಎಂದು ಯಾರೋ ಬಿಡಿಸಿ ಹೇಳಿದರು. ಅಯ್ಯನೋರು ತಲೆ ಯಾವ ಕಡೆ ಎಂದು ವಿಚಾರಿಸಿಕೊಂಡು, ಎದೆ ಇರಬಹುದು ಎಂಬ ಅಂದಾಜಿನ ಮೇಲೆ ಪೆಟ್ಟಿಗೆಯ ಮೇಲೆ ಲಿಂಗ ಇಟ್ಟರು. ಕೊರೆದಿದ್ದ ಗೂಡಿಗೆ ಬರೀ ಮಣ್ಣು ತುಂಬಿದೆವು.

ಇದೆಲ್ಲ ನಡೆದಾಗ ನಾನೂ ಅಲ್ಲೇ ಇದ್ದೆ, ಮಣ್ಣು ಎಳೆದವರಲ್ಲಿ ನಾನೂ ಒಬ್ಬ. ಆದರೂ ಅವಳಿಗೆ ಬೇಕಾಗಿದ್ದದ್ದು ಏನೆಂದು ನನ್ನ ಮಂಡೆಗೆ ಹತ್ತಿರಲಿಲ್ಲ. ನಾನೂ ಆ ಹಿರಿಯರೂ ಅವನು ವೀರನೋ ಅಲ್ಲವೋ ಎಂದು ಜಗ್ಗಾಡಿದೆವು. ಅಷ್ಟು ದಿನವೂ ಅವಳ ಕಣ್ಣಿನಲ್ಲಿ ಮಗ ಮಣ್ಣಿನೊಳಗೆ ಮಲಗಿಯೇ ಇದ್ದ.

ಶೆಡ್ಡಿಗೆ ಹೋಗಿ ಮೇಲಿನ ಅಂಕಣವೊಂದೇ ಸಾಕು, ಅದನ್ನೇ ದೊಡ್ಡದಾಗಿ ಕೆತ್ತು ಎಂದೆ. ಹಾಗಾದರೆ ಅದು ವೀರಗಲ್ಲಾಗುವುದಿಲ್ಲ ಸಾರ್ ಎಂದ. ಬೇಡ ಕಣಯ್ಯ, ಆಗುವುದೇ ಬೇಡ ಎಂದೆ. ಕೆರೆ ಏರಿಯ ಸಾಲಿನ ಮಾತೂ ಅಲ್ಲಿಗೇ ನಿಂತಿತು. ಅಕ್ಕನೇ ಅದನ್ನು ಬಿಟ್ಟಳು. ಅವರ ಹೊಲದಲ್ಲಿ ಹುಡುಗನನ್ನು ಇಟ್ಟ ಜಾಗದಲ್ಲೇ ಕಲ್ಲು ನಿಲ್ಲಿಸಲು ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

ಟ್ರ್ಯಾಕ್ಟರಿನಲ್ಲಿ ಕಲ್ಲು ತಂದು ನಿಲ್ಲಿಸಿದ ದಿನ ಊರಿನವರು ಬಂದರು. ಆ ಹಿರಿಯರು ದೂರದಲ್ಲೇ ಚಪ್ಪಲಿ ಬಿಟ್ಟು, ಟವೆಲ್ಲನ್ನು ಹೆಗಲಿನಿಂದ ಇಳಿಸಿ ನಿಂತರು. ಭಾವ ಬುಡಕ್ಕೆ ಜಲ್ಲಿ ಬಡಿದು ಭದ್ರ ಮಾಡಿದರು. ಎಲ್ಲ ಆದ ಮೇಲೆ ಅಕ್ಕ ಮುಂದೆ ಬಂದು ಕೂತಳು. ವಿಭೂತಿ ಹಚ್ಚುತ್ತಾಳೆ ಎಂದುಕೊಂಡು ನಾನು ತಟ್ಟೆ ಹಿಡಿದೆ. ಅವಳು ತಟ್ಟೆಯ ಕಡೆ ನೋಡಲಿಲ್ಲ. ಕಲ್ಲಿನ ಮುಖವನ್ನೂ ನೋಡಲಿಲ್ಲ. ಅಂಗೈಯಿಂದ ಅವನ ಒಂದು ಮಂಡಿಯನ್ನು ಸವರಿದಳು, ಅಲ್ಲಿಂದ ಮಡಚಿದ ಪಾದದ ಗುಂಟ ಬಂದು ಇನ್ನೊಂದು ಮಂಡಿಯವರೆಗೆ ಸವರಿದಳು. ಪೆಟ್ಟಿಗೆಯಲ್ಲಿ ಏನಿತ್ತು, ಎಷ್ಟಿತ್ತು ಎಂದು ಅವಳು ಆವತ್ತಿನಿಂದ ನಮ್ಮ ಯಾರನ್ನೂ ಒಂದು ಮಾತು ಕೇಳಿರಲಿಲ್ಲ.

"ಎಲ್ಡು ಕಾಲೂ ಅವೆ ಕಣ್ಲಾ," ಎಂದಳು.