ನಾಳೆಪ್ಪನ ಎಡಗಾಲು

ಗಡಿಯಾರ ರಿಪೇರಿಯವನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಅಂಗಡಿಯ ಲೈಸೆನ್ಸಿನಲ್ಲಿ ಭದ್ರವಾಗಿತ್ತು, ಅಲ್ಲಿಂದ ಆಚೆ ಬಂದಿರಲಿಲ್ಲ. ಬೀದಿಗೆಲ್ಲ ಅವನು ನಾಳೆಪ್ಪ. ಯಾರು ಯಾವಾಗ ಬಂದು ಕೇಳಿದರೂ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ ‘ನಾಳೆ ಬನ್ನಿ’ ಎನ್ನುತ್ತಿದ್ದ. ಕೆಲಸಗಳ್ಳನೆಂದು ತಿಳಿಯಬೇಡಿ. ರಿಪೇರಿಯಾದ ಗಡಿಯಾರವನ್ನು ಮೂರು ದಿನ ಗೋಡೆಯ ಹಲಗೆಗೆ ನೇತುಹಾಕಿ, ಅದು ಅರ್ಧ ನಿಮಿಷವೂ ಹಿಂದೆಮುಂದೆ ಆಗುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಯಾರ ಕೈಗೂ ಕೊಡದ ಮನುಷ್ಯ ಅವನು. ನಾಲ್ಕನೆಯ ದಿನ ಅನುಮಾನ ಬಂದರೆ ಇನ್ನೊಂದು ನಾಳೆ.

ತಾನು ಎಷ್ಟು ತಡ ಮಾಡಿದರೂ ಸರಿ, ಗಿರಾಕಿ ತಡ ಮಾಡಿದರೆ ಮಾತ್ರ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಗಡಿಯಾರ ಕೈಗೆ ಬಂದೊಡನೆ ಕೇಳುವ ಮೊದಲ ಪ್ರಶ್ನೆ, ನಿಂತು ಎಷ್ಟು ದಿನವಾಯಿತು ಎಂದು. ಎರಡು ತಿಂಗಳು ಅಂದರೋ, ಮುಗಿಯಿತು. ನಿಂತ ದಿನವೇ ತರೋದಕ್ಕೆ ಏನಾಗಿತ್ತು, ಒಳಗಿನ ಎಣ್ಣೆ ಗಟ್ಟಿಯಾಗಿ ಅಂಟು ಕಟ್ಟಿದ ಮೇಲೆ ನನ್ನ ಹತ್ತಿರ ಬಂದು ಅತ್ತರೆ ಏನು ಬಂತು ಎಂದು ಗದರುತ್ತಿದ್ದ. ದೊಡ್ಡ ದೊಡ್ಡ ಅಧಿಕಾರಿಗಳು ಕೂಡ ತಲೆತಗ್ಗಿಸಿ ಬೈಸಿಕೊಂಡು ಹೋಗುತ್ತಿದ್ದರು.

ಅಂಗಡಿಯ ಇನ್ನರ್ಧ ಹೆಂಡತಿಯದು. ಅವಳು ಬಟ್ಟೆ ಹೊಲಿಯುತ್ತಿದ್ದಳು. ಗಂಡ ದಿನಕ್ಕೆ ಒಂಬತ್ತು ಗಂಟೆ ಸ್ಟೂಲಿನ ಮೇಲೆ ಅಲ್ಲಾಡದೆ ಕೂತರೆ, ಅವಳ ಎರಡು ಪಾದಗಳು ಹೊಲಿಗೆ ಯಂತ್ರದ ತುಳಿಹಲಗೆಯ ಮೇಲೆ ಒಂದೇ ಸಮನೆ ಆಡುತ್ತಿದ್ದವು. ನೀನು ಇಷ್ಟು ವರ್ಷ ತುಳಿದದ್ದನ್ನೆಲ್ಲ ರಸ್ತೆಯ ಮೇಲೆ ನಡೆದಿದ್ದರೆ ಇಷ್ಟು ಹೊತ್ತಿಗೆ ಸಮುದ್ರ ಸಿಗುತ್ತಿತ್ತು ಎಂದು ಅವನು ಛೇಡಿಸುತ್ತಿದ್ದ. ಅವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದಳಾದ್ದರಿಂದ ಉತ್ತರ ಬರುತ್ತಿರಲಿಲ್ಲ. ಅವಳದೊಂದು ಕೈಗಡಿಯಾರ ನಿಂತುಹೋಗಿ ಹನ್ನೊಂದು ವರ್ಷದಿಂದ ಅದೇ ಗೋಡೆಯ ಮೂಲೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ.

ಅವನ ಎಡಗಾಲು ಊದಿದ್ದು ಹೀಗಿರುವಾಗ. ಮೊದಲು ಮೀನಖಂಡ ಬಿಗಿಯಿತು, ಆಮೇಲೆ ತೊಡೆ. ಪ್ಯಾಂಟು ಒಗೆದು ಕುಗ್ಗಿದೆ, ಎಡಗಾಲು ಸ್ವಲ್ಪ ಬಿಚ್ಚಿ ಸಡಿಲ ಮಾಡಿಕೊಡು ಎಂದು ಹೆಂಡತಿಗೆ ಹೇಳಿದ. ಒಂದೇ ಕಾಲು ಕುಗ್ಗುವ ಪ್ಯಾಂಟು ಎಲ್ಲಿಯದು ಎಂದು ಅವಳು ಕೇಳಲಿಲ್ಲ. ಟೇಪು ಹಿಡಿದು ಎರಡು ಕಾಲನ್ನೂ ಅಳೆದು, ಅಳತೆ ಪುಸ್ತಕದಲ್ಲಿ ಬರೆದುಕೊಂಡು, ಹೊಲಿಗೆ ಬಿಚ್ಚಿದಳು. ನಾಲ್ಕು ದಿನಕ್ಕೆ ಮತ್ತೆ ಬಿಚ್ಚಬೇಕಾಯಿತು. ಡಾಕ್ಟರಿಗೆ ತೋರಿಸೋಣ ಎಂದಳು. ಅವನು ಏನೆಂದನೋ ನಾನು ಹೇಳಬೇಕಾಗಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ: ಇವತ್ತು ಬ್ಯಾಂಕಿನವರ ಗೋಡೆ ಗಡಿಯಾರ, ನಾಳೆ ಶಾಲೆಯವರ ಗಂಟೆ ಗಡಿಯಾರ.

ಅಷ್ಟಕ್ಕೂ ಅವನ ಹತ್ತಿರ ಸ್ವಂತ ವೈದ್ಯವಿತ್ತು. ಗಡಿಯಾರದ ಚಕ್ರಗಳನ್ನು ತೊಳೆಯಲು ಊಟದ ಡಬ್ಬಿಯಷ್ಟು ದೊಡ್ಡ ಸ್ಟೀಲಿನ ತೊಟ್ಟಿಯೊಂದನ್ನು ಇಟ್ಟುಕೊಂಡಿದ್ದ. ಸ್ವಿಚ್ಚು ಹಾಕಿದರೆ ನಮಗೆ ಕೇಳುವುದು ಬರೀ ಜುಂಯ್ ಎಂಬ ಸದ್ದು; ಅಸಲು ಶಬ್ದ ಕಿವಿಗೆ ನಿಲುಕದ್ದು. ಅದು ನೀರನ್ನು ನಡುಗಿಸಿ, ಕೂದಲೆಳೆಯ ಸಂದಿಯಲ್ಲಿ ಗಟ್ಟಿಯಾದ ಎಣ್ಣೆಯನ್ನೂ ಉದುರಿಸುತ್ತಿತ್ತು. ಎಣ್ಣೆ ಉದುರಿಸುವ ಶಬ್ದ ಕಾಲಿನ ಬಾವು ಉದುರಿಸದೆ ಹೋದೀತೇ? ತೊಟ್ಟಿಯೊಳಗೆ ಕಾಲು ಹಿಡಿಸಲಿಲ್ಲ, ಹಿಮ್ಮಡಿ ಹಿಡಿಸಿತು. ದಿನವೂ ಮಧ್ಯಾಹ್ನ ಮೇಜಿನ ಕೆಳಗೆ ತೊಟ್ಟಿಯಿಟ್ಟು, ಹಿಮ್ಮಡಿ ಅದ್ದಿ, ಏನೂ ನಡೆಯುತ್ತಿಲ್ಲವೆಂಬ ಮುಖದಲ್ಲಿ ಕೂರುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಆ ಹಿಮ್ಮಡಿ ಹಸುಗೂಸಿನದರಷ್ಟು ಶುಭ್ರವಾಯಿತು. ತೊಡೆ ಇನ್ನೂ ಊದಿತು.

ಶುಕ್ರವಾರ ಬೆಳಗ್ಗೆ ಸ್ಟೂಲಿನಿಂದ ಏಳಲು ಆಗಲಿಲ್ಲ. ಕಾಲು ತೊಡೆಸಂದಿನವರೆಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಹೆಂಡತಿ ಅಂಗಡಿಯ ಬಾಗಿಲೆಳೆದು, ಆಟೋ ಹಿಡಿದು, ಆಸ್ಪತ್ರೆಗೆ ಕರೆದೊಯ್ದಳು. ತೊಡೆಗೆ ತಣ್ಣನೆಯ ಜೆಲ್ಲು ಸವರಿ ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ ಪರದೆಯನ್ನು ಅವರ ಕಡೆ ತಿರುಗಿಸಿ, ಆಳದ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿರುವುದನ್ನು ತೋರಿಸಿದಳು. ಚೂರೊಂದು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಕದಲದೆ ಅಲ್ಲೇ ಉಳಿದರೆ ಈ ಕಾಲು ಬದುಕಿರುವಷ್ಟು ದಿನವೂ ಊದಿ, ನೋಯುತ್ತಾ, ಹುಣ್ಣಾಗುತ್ತಾ ಇರುತ್ತದೆ. ನಾಳದೊಳಗೆ ಸಣ್ಣ ನಳಿಗೆ ಇಳಿಸಿ, ಅದರಿಂದಲೇ ಶಬ್ದದ ಅಲೆ ಹೊರಡಿಸಿ, ಜೊತೆಗೆ ಔಷಧಿ ಹನಿಸಿ ಕರಗಿಸಬಹುದು. ಆದರೆ ಹೆಪ್ಪು ಹೊಸದಾಗಿರಬೇಕು. ಎರಡು ವಾರ ದಾಟಿದರೆ ಗಟ್ಟಿಯಾಗುತ್ತಾ ಹೋಗುತ್ತದೆ, ಆಮೇಲೆ ಅಷ್ಟಾಗಿ ಕರಗುವುದಿಲ್ಲ ಎಂದಳು. ಇಷ್ಟು ಹೇಳಿ ಕೇಳಿದಳು, “ಊದೋಕೆ ಶುರುವಾಗಿ ಎಷ್ಟು ದಿನ ಆಯ್ತು?”

ಮೂವತ್ತು ವರ್ಷ ತಾನೇ ಕೇಳಿದ ಪ್ರಶ್ನೆ. ಉತ್ತರದ ಹಿಂದೆಯೇ ಯಾವ ಬೈಗುಳ ಬರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಗಳ ವಯಸ್ಸಿನ ಹುಡುಗಿಯಿಂದ ಅದನ್ನು ಕೇಳುವುದು ಅವನಿಂದಾಗದು.

“ನಾಲ್ಕು ದಿನ,” ಎಂದ.

ಡಾಕ್ಟರಮ್ಮನ ಮುಖ ಸಡಿಲಾಯಿತು. ನಾಲ್ಕೇ ದಿನವಾದರೆ ಸಮಯವಿದೆ, ಆಪರೇಷನ್ ಕೋಣೆ ಇವತ್ತು ಖಾಲಿಯಿಲ್ಲ, ಹೆಪ್ಪು ಬೆಳೆಯದ ಹಾಗೆ ಇಂಜೆಕ್ಷನ್ ಈಗಲೇ ಶುರು ಮಾಡಿ, ನಳಿಗೆ ಸೋಮವಾರ ಇಳಿಸೋಣ ಎಂದು ಚೀಟಿ ಬರೆಯತೊಡಗಿದಳು. ನಾಳೆಪ್ಪನಿಗೆ ಒಳಗೊಳಗೇ ಸಮಾಧಾನವಾಯಿತು. ಒಂದಲ್ಲ, ಮೂರು ನಾಳೆ ಸಿಕ್ಕಿದ್ದವು.

ಆಗ ಹೆಂಡತಿ ಚೀಲದಿಂದ ಅಳತೆ ಪುಸ್ತಕ ತೆಗೆದು, ಹಾಳೆ ತಿರುಗಿಸಿ, ಚೀಟಿಯ ಮೇಲೇ ಇಟ್ಟಳು. ಯಾರದೋ ರವಿಕೆಗೂ ಯಾರದೋ ಶಾಲೆ ಅಂಗಿಗೂ ನಡುವೆ ಅವನ ಕಾಲುಗಳಿದ್ದವು. ಎರಡನೇ ತಾರೀಖು: ಬಲತೊಡೆ ಇಪ್ಪತ್ತು ಇಂಚು, ಎಡ ಇಪ್ಪತ್ತೊಂದೂವರೆ. ಆರನೇ ತಾರೀಖು: ಎಡ ಇಪ್ಪತ್ತೆರಡೂಕಾಲು. ಹನ್ನೊಂದು: ಇಪ್ಪತ್ಮೂರು. ಅಂದು ತಾರೀಖು ಹದಿನೈದು.

“ಹದಿಮೂರು ದಿನ ಆಯ್ತು, ಡಾಕ್ಟ್ರೇ,” ಎಂದಳು. “ಇವರದು ಬಾಯಿ ಲೆಕ್ಕ. ಇದು ಟೇಪಿನ ಲೆಕ್ಕ.”

ಡಾಕ್ಟರಮ್ಮ ಬೈಯಲಿಲ್ಲ. ಪುಸ್ತಕವನ್ನು ಎರಡು ಸಲ ಓದಿ, ಚೀಟಿ ಹರಿದು, ಫೋನೆತ್ತಿದಳು. ಸೋಮವಾರದ ಮಾತು ಬಿಡಿ, ಇವತ್ತು ಸಂಜೆಗೇ ಕೋಣೆ ಬೇಕು ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು.

ಸಂಜೆ ಅವನನ್ನು ಬೋರಲು ಮಲಗಿಸಿ, ಮಂಡಿಯ ಹಿಂದೆ ಮರಗಟ್ಟಿಸಿ, ಒಂದು ಚುಚ್ಚು ಚುಚ್ಚಿ, ನೂಡಲ್ಸಿಗಿಂತ ತೆಳುವಾದ ನಳಿಗೆಯನ್ನು ಹೆಪ್ಪಿನ ನಡುವೆ ತೂರಿಸಿದರು. ನಳಿಗೆಯ ಉದ್ದಕ್ಕೂ ಇರುವ ಚಿಕ್ಕ ಚಿಕ್ಕ ಬಿಲ್ಲೆಗಳಿಂದ ಕಿವಿಗೆ ಕೇಳದ ಶಬ್ದ ಹೊರಟು ಹೆಪ್ಪಿನ ಎಳೆಗಳನ್ನು ಸಡಿಲಿಸುತ್ತದೆ, ಆ ಸಂದಿಗಳಲ್ಲಿ ಔಷಧಿ ಇಳಿದು ಕರಗಿಸುತ್ತದೆ ಎಂದು ಡಾಕ್ಟರಮ್ಮ ವಿವರಿಸಿದಾಗ ಅವನಿಗೆ ತಡೆಯಲಾಗಲಿಲ್ಲ, ತೊಟ್ಟಿಯ ಕಥೆ ಬಾಯಿಬಿಟ್ಟ. ಅವಳು ಹಿಮ್ಮಡಿಯನ್ನು ಬಗ್ಗಿ ನೋಡಿದಳು. ನಕ್ಕಳು. ಒಳಗೆ ಮೋರಿ ಕಟ್ಟಿಕೊಂಡಾಗ ಹೊಸಿಲು ತೊಳೆದರೆ ನೀರು ಹರಿಯುತ್ತದಾ ಎಂದು ಕೇಳಿದಳು.

ಆಮೇಲೆ ಅಂಗಾತ ತಿರುಗಿಸಿ ಮಲಗಿಸಿದರು. ಹದಿನೆಂಟು ಗಂಟೆ ಕಾಲು ಮಡಿಸುವ ಹಾಗಿಲ್ಲ, ಏಳುವ ಹಾಗಿಲ್ಲ. ಕೂತು ಕೂತು ತರಿಸಿಕೊಂಡ ಕಾಯಿಲೆಗೆ ಮದ್ದು, ಮಲಗಿ ಅಲ್ಲಾಡದಿರುವುದು. ಔಷಧಿಯಿಂದ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ನರ್ಸು ಗಂಟೆಗೊಮ್ಮೆ ಬಂದು ನೋಡುತ್ತಿದ್ದಳು. ಎದುರಿನ ಗೋಡೆ ಗಡಿಯಾರ ಏಳು ನಿಮಿಷ ಹಿಂದಿತ್ತು. ಅದನ್ನು ನೋಡಿಕೊಂಡು ಬಿದ್ದಿರುವುದು ಚುಚ್ಚಿದ್ದಕ್ಕಿಂತ ಹೆಚ್ಚು ನೋಯುತ್ತಿತ್ತು. ಸರಿ ಮಾಡಿಸಿ ಎಂದು ಅಂಗಲಾಚಿದ. ನರ್ಸು ತಲೆಯೆತ್ತದೆ, ನಾಳೆ ನೋಡೋಣ ಎಂದಳು. ಎದುರಿಗೆ ನಿಂತು ಕೇಳಿಸಿಕೊಳ್ಳುವವರಿಗೆ ಆ ಮಾತು ಹೇಗಿರುತ್ತದೆ ಎಂಬುದು ಅವನಿಗೆ ಮೊದಲ ಸಲ ಗೊತ್ತಾಯಿತು.

ಬೆಳಗ್ಗೆ ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಅವನು ಅಳತೆ ಪುಸ್ತಕ ಕೇಳಿ ತೆಗೆದುಕೊಂಡ. ಎರಡನೇ ತಾರೀಖು ಸರಿ, ಪ್ಯಾಂಟು ಬಿಚ್ಚಿದ ದಿನ. ಆರೂ ಸರಿ. ಹನ್ನೊಂದರಂದು ಅವನು ಏನನ್ನೂ ಬಿಚ್ಚಲು ಹೇಳಿರಲಿಲ್ಲ.

“ಇದು ಯಾವಾಗ ಅಳೆದೆ?”

“ಊಟ ಆದ್ಮೇಲೆ ಕೂತಲ್ಲೇ ನಿದ್ದೆ ಹೋಗಿದ್ರಲ್ಲ, ಆಗ.”

“ನಂಗೆ ಹೇಳಬಾರದಿತ್ತಾ?”

ಅವಳು ಸ್ವಲ್ಪ ಹೊತ್ತು ಹೊದಿಕೆಯ ಅಂಚನ್ನು, ಅದರ ಹೊಲಿಗೆ ಸರಿಯಿಲ್ಲವೆಂಬಂತೆ, ಉಗುರಿನಿಂದ ಎಳೆದಳು. “ಹೇಳಿದ್ರೆ ನಾಳೆ ಅಂತಿದ್ರಿ. ಅದನ್ನ ಕೇಳೋಕೆ ಭಯ ಆಯ್ತು ನಂಗೆ.”

ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಹದಿಮೂರು ದಿನ ಆಗದಿದ್ದ ಹೆದರಿಕೆ ಈಗ, ಕಾಲು ಹಗುರಾಗುತ್ತಿರುವಾಗ ಆಯಿತು. ಮಲಗಿದ್ದರಿಂದ ಕಣ್ಣೀರು ಕಿವಿಗೆ ಇಳಿಯಿತು. ಅವಳು ಒರೆಸಿದಳು.

ಮಧ್ಯಾಹ್ನದ ಸ್ಕ್ಯಾನಿನಲ್ಲಿ ರಕ್ತ ಹರಿಯುತ್ತಿತ್ತು. ವಾರದ ಮೇಲೆ ಅಂಗಡಿಯ ಬಾಗಿಲು ತೆರೆಯಿತು. ಕಾಲಿಗೆ ಬಿಗಿಯಾದ ಕಾಲುಚೀಲ, ದಿನವೂ ರಕ್ತ ತೆಳುವಾಗಿಸುವ ಮಾತ್ರೆ, ಮತ್ತು ಡಾಕ್ಟರಮ್ಮನ ಕಟ್ಟಪ್ಪಣೆ: ಅರ್ಧ ಗಂಟೆಗಿಂತ ಹೆಚ್ಚು ಕೂರಬಾರದು, ಎದ್ದು ನಡೆಯಬೇಕು. ಮೊದಲು ಬಂದ ಗಿರಾಕಿ ಗಡಿಯಾರ ನಿಂತು ಮೂರು ತಿಂಗಳಾಯಿತು ಎಂದು ತಲೆತಗ್ಗಿಸಿ ಬೈಗುಳಕ್ಕೆ ಕಾದ. ಪಕ್ಕದಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ತಂದಿರಲ್ಲ, ಅದೇ ದೊಡ್ಡದು ಎಂದು ನಾಳೆಪ್ಪ ಗಡಿಯಾರ ತೆಗೆದಿಟ್ಟುಕೊಂಡ. ಗಿರಾಕಿ ಗಾಬರಿಯಿಂದ ಬೋರ್ಡು ನೋಡಿದ, ಅಂಗಡಿ ಇದೇ ಹೌದೇ ಎಂದು.

ಅವನು ಹೋದ ಮೇಲೆ ನಾಳೆಪ್ಪ ಮೂಲೆಯ ಮೊಳೆಯಿಂದ ಹೆಂಡತಿಯ ಗಡಿಯಾರ ಇಳಿಸಿದ. ಒಳಗೆ ಮುರಿದದ್ದು ಏನೂ ಇರಲಿಲ್ಲ, ಎಣ್ಣೆ ಗಟ್ಟಿಯಾಗಿತ್ತು ಅಷ್ಟೇ. ತೊಟ್ಟಿಯಲ್ಲಿ ನಾಲ್ಕು ನಿಮಿಷ, ಒರೆಸಿ ಜೋಡಿಸಲು ಇಪ್ಪತ್ತೈದು. ಹನ್ನೊಂದು ವರ್ಷದ ನಾಳೆ ಅರ್ಧ ಗಂಟೆಯೊಳಗೆ ಮುಗಿಯಿತು. ಇನ್ನು ಮೂರು ದಿನ ಹಲಗೆಗೆ ಹಾಕಿ ನೋಡಬೇಕು ಎಂದು ಅವನು ಹೇಳುವಷ್ಟರಲ್ಲಿ ಅವಳು ಅದನ್ನು ಕೈಯಿಂದ ಕಿತ್ತುಕೊಂಡು ಕಟ್ಟಿಕೊಂಡಿದ್ದಳು. ಮುಳ್ಳು ನೋಡಿದಳು.

“ನೀವು ಕೂತು ಮೂವತ್ತೈದು ನಿಮಿಷ ಆಯ್ತು. ಏಳಿ.”

“ಅದನ್ನ ಇನ್ನೂ ನಂಬೋ ಹಾಗಿಲ್ಲ ಕಣೇ.”

“ನಿಮಗಿಂತ ನಂಬಬಹುದು.”

ಅವನು ಎದ್ದ. ಬೀದಿಯ ಕೊನೆಯ ಕಂಬದವರೆಗೆ ಹೋಗಿ ಬರುತ್ತೇನೆ, ಹತ್ತು ನಿಮಿಷ ಎಂದು ಹೊರಟ. ಕಂಬ ಮುಟ್ಟಿ ತಿರುಗಿ ನೋಡಿದರೆ ಅವಳು ಹೊಲಿಗೆ ಬಿಟ್ಟು ಬಾಗಿಲಲ್ಲಿ ನಿಂತು ಮಣಿಕಟ್ಟು ನೋಡಿಕೊಳ್ಳುತ್ತಿದ್ದಳು. ಅರ್ಧ ದಾರಿಗೇ ಅವನು ಒಂದು ನಿಮಿಷ ತಡ ಮಾಡಿದ್ದ. ಕಾಲು ಬೀಸಿ ಹಾಕಿದ.