ಪ್ರಿಸಂ ಮೇಲಿನ ಹೆಬ್ಬೆರಳು

ದುರ್ಬೀನು, ಮೈಕ್ರೋಸ್ಕೋಪುಗಳನ್ನು ರಿಪೇರಿ ಮಾಡುವ ಆ ಅಂಗಡಿಯನ್ನು ಅಪ್ಪನ ನಂತರ ಇಪ್ಪತ್ತೆರಡು ವರ್ಷ ಒಬ್ಬಳೇ ನಡೆಸಿದವಳು ಅಕ್ಕ. ಶಾಲೆಯ ಪ್ರಯೋಗಾಲಯದ ಕೆಲಸ ಬಿಟ್ಟು ತಂಗಿ ಬಂದು ಪಕ್ಕದ ಮೇಜಿಗೆ ಕೂತದ್ದು ಹೋದ ವರ್ಷ. ಆರು ತಿಂಗಳಲ್ಲೇ ಗಿರಾಕಿಗಳು ಬಾಗಿಲಲ್ಲಿ ನಿಂತು, "ನಿಮ್ಮ ತಂಗಿ ಇಲ್ವಾ? ಅವ್ರ ಕೈಗೇ ಕೊಡ್ತೀನಿ" ಎನ್ನತೊಡಗಿದರು. ಅಕ್ಕ ನಗುತ್ತಲೇ ಅವರನ್ನು ಒಳಗೆ ಕರೆಯುತ್ತಿದ್ದಳು. ಕರುಳಿಗೆ ಮಾತ್ರ ಮೆಣಸಿನಪುಡಿ ಎರಚಿದಂತಾಗುತ್ತಿತ್ತು. ದುರ್ಬೀನಿನೊಳಗೆ ಬೆಳಕನ್ನು ತಿರುಗಿಸುವ ಪ್ರಿಸಂ ಗಾಜುಗಳನ್ನು ತಾನು ಮೂರು ದಿನ ಹೆಣಗಾಡಿ ಕೂರಿಸಿದರೆ, ತಂಗಿ ಒಂದೇ ಬೆಳಿಗ್ಗೆ, ಅದೂ ಹಾಡು ಗುನುಗುತ್ತಾ, ಕೂರಿಸಿಬಿಡುತ್ತಿದ್ದಳು. ಆ ಗುನುಗಿಗೇ ಅಕ್ಕನ ಮೈಯೆಲ್ಲ ಉರಿಯುತ್ತಿತ್ತು.

ಬಂದರಿನಲ್ಲಿ ಹಡಗುಗಳಿಗೆ ದಾರಿ ತೋರಿಸುವ ಅಧಿಕಾರಿಯೊಬ್ಬರ ದುರ್ಬೀನನ್ನು ಒಂದು ದಿನ ತಂಗಿ ಸರಿಮಾಡಿಟ್ಟು ಊಟಕ್ಕೆ ಎದ್ದಳು. ಅಕ್ಕ ಅದರ ಮುಚ್ಚಳ ಬಿಚ್ಚಿ, ಪ್ರಿಸಂನ ಓರೆ ಮುಖಕ್ಕೆ ಎಣ್ಣೆ ಹತ್ತಿದ ಹೆಬ್ಬೆರಳನ್ನು ಒತ್ತಿ, ಮತ್ತೆ ಮುಚ್ಚಿಟ್ಟಳು.

ಸಂಜೆ ದುರ್ಬೀನು ಒಯ್ದ ಅಧಿಕಾರಿ ಮರುದಿನವೇ ಸಿಡಿಮಿಡಿಗೊಂಡು ಬಂದರು. "ಏನಮ್ಮಾ ಇದು? ಎಡಗಣ್ಣಿಗೆ ಎಲ್ಲಾ ಮಂಕು ಮಂಕು!"

ತಂಗಿ ದುರ್ಬೀನು ಬಿಚ್ಚಿದಳು. "ನೋಡಿ ಸಾರ್, ಈ ಮುಖಕ್ಕೆ ಕನ್ನಡಿ ತರ ಲೇಪ ಇಲ್ಲ. ಗಾಜಿನ ಒಳಗಿಂದ ಬೆಳಕು ಇಷ್ಟು ಓರೆಯಾಗಿ ಬಂದು ಬಡಿದ್ರೆ ಹೊರಗೆ ಹೋಗೋಕೇ ಆಗಲ್ಲ, ಪೂರ್ತಿ ಒಳಗೇ ತಿರುಗುತ್ತೆ. ಕನ್ನಡಿ ಕೂಡ ಅಷ್ಟು ಚೊಕ್ಕವಾಗಿ ತಿರುಗಿಸಲ್ಲ. ಆದ್ರೆ ಹೊರಗಡೆ ಜಿಡ್ಡು ಅಂಟಿದ್ರೆ, ಅಂಟಿದ ಕಡೆ ಬೆಳಕು ಸೋರಿಹೋಗುತ್ತೆ."

ಜಿಡ್ಡನ್ನು ಭೂತಗನ್ನಡಿಯಲ್ಲಿ ನೋಡಿದಳು. ಹೆಬ್ಬೆರಳಿನ ಗುರುತು, ಅದರ ನಡುವೆ ಹಳೆಯ ಗಾಯದ ಗೆರೆ. ಅಂಥ ಗಾಯವಿದ್ದದ್ದು ಅಕ್ಕನ ಬೆರಳಿಗೆ ಮಾತ್ರ. ತಂಗಿ ತಲೆ ಎತ್ತಿ ಅಕ್ಕನನ್ನು ಒಮ್ಮೆ ನೋಡಿ, ಅಧಿಕಾರಿಯ ಕಡೆ ತಿರುಗಿದಳು.

"ತಪ್ಪು ನಂದೇ ಸಾರ್. ಒರೆಸೋದು ಮರೆತೆ."

ಬೈದಿದ್ದರೆ ಅಕ್ಕ ಸಹಿಸುತ್ತಿದ್ದಳೇನೋ. ಒಳ್ಳೆಯತನದಲ್ಲೂ ಇವಳೇ ಗೆಲ್ಲಬೇಕೇ ಎಂದು ಕೂತಲ್ಲೇ ಕುದಿದಳು.

"ಅವಳದ್ದಲ್ಲ, ನಂದು," ಎಂದಳು ಗಟ್ಟಿಯಾಗಿ. "ಬೇಕಂತಲೇ ಮಾಡ್ದೆ. ಹೊಟ್ಟೆಕಿಚ್ಚು."

ತಂಗಿ ಮೆತ್ತನೆಯ ಬಟ್ಟೆಯೊಂದನ್ನು ಚಾಚಿ, "ಹಾಗಾದ್ರೆ ನೀನೇ ಒರೆಸು" ಎಂದಳು, ಅಷ್ಟೆ. ಅಕ್ಕ ಒರೆಸಿದಳು.

ಆಮೇಲೆ ಮೂರು ದಿನ ತಂಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ಅಕ್ಕ ದುರ್ಬೀನುಗಳನ್ನೆಲ್ಲ ಅವಳ ಮೇಜಿಗೆ ದಾಟಿಸಿ, ಮೈಕ್ರೋಸ್ಕೋಪುಗಳನ್ನಷ್ಟೇ ಉಳಿಸಿಕೊಂಡಳು. ಪ್ರಿಸಂ ಕೂರಿಸುವುದನ್ನು ನನಗೂ ಹೇಳಿಕೊಡು ಎಂದು ಕೇಳಲು ಅವಳಿಗೆ ಇನ್ನೂ ಬಾಯಿ ಬಂದಿಲ್ಲ. ಉರಿಯೂ ಆರಿಲ್ಲ. ತಂಗಿಯ ಮೇಜಿನ ಬಳಿ ಹೋಗುವಾಗ ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೋಗುತ್ತಾಳೆ.