ಪೂಜೆಗಿಟ್ಟ ಚಾಕುಗಳು

ಆ ದಿನ ಬೆಳಿಗ್ಗೆ ಅಂಗಳದಲ್ಲಿ ಕುಳಿತು ಅಂಗಡಿಯ ಚಾಕುಗಳಿಗೆಲ್ಲ ಎಣ್ಣೆ ಒರೆಸುತ್ತಿದ್ದೆ. ನಮ್ಮ ಮನೆಯವರು ಒಂದೊಂದನ್ನೇ ಬಿಚ್ಚಿ ಕೊಡುತ್ತಿದ್ದರು. ಮನೆಯ ಮಾಲೀಕಳಾದ ಮುದುಕಿ, ನಾವು ಬಾಯಿ ಎಂದು ಕರೆಯುತ್ತಿದ್ದವಳು, ಮೆಟ್ಟಿಲ ಮೇಲೆ ನಿಂತು ಕೊಂಕಣಿಯಲ್ಲಿ ಕೂಗಿದಳು: "ಸುರ್ಯಾಂಕ್ ತೇಲ್! ಆನಿ ಮ್ಹಾಕಾ?" ಸುರಿ ಅಂದರೆ ಚಾಕು. ಚಾಕುಗಳಿಗೆ ಎಣ್ಣೆ, ನನಗೇನು ಎಂದು ಅವಳ ತಕರಾರು.

"ನಾಳಿ ನೀವೂ ಮಣಿ ಮ್ಯಾಲೆ ಕುಂದರ್ರಿ ಬಾಯೀ, ನಿಮಗೂ ಒಂದು ಆರತಿ ಬೆಳಗಸ್ತೇನಿ" ಎಂದರು ಇವರು. ಅವಳಿಗೆ ಎಷ್ಟು ತಿಳಿಯಿತೋ, ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ. ಮರುದಿನ ಖಂಡೇನವಮಿ, ಆಯುಧಪೂಜೆ. ಅದರ ಹಿಂದಿನ ಈ ದಿನವೇ ನಾವು ಮೊದಲಿನಂತೆ ಕಳೆದ ಕೊನೆಯ ದಿನ.

ತೊಂಬತ್ತರ ದಶಕದ ಆರಂಭದಲ್ಲಿ ನಾವು ಬೆಳಗಾವಿ ಬಿಟ್ಟು ಗೋವಾದ ಕಾಣಕೋಣದ ಕಡಲ ಬದಿಯ ಒಂದು ಸಣ್ಣ ಪೇಟೆಗೆ ಬಂದೆವು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ. ಬೆಳಗಾವಿಯಲ್ಲಿ ಕೆಲಸಕ್ಕೆ ಹೊರಟವರು ಕೈಯಲ್ಲಿ ಏನು ಹಿಡಿದಿದ್ದಾರೆಂದು ಯಾರೂ ನೋಡುವುದಿಲ್ಲ. ಇಲ್ಲಿಯೂ ತೆಂಗಿನ ಮರ ಹತ್ತುವವರು ಮೊಳದುದ್ದದ ಕೊಯ್ತಾ ಎಂಬ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸನ್ನೂ ಏರುತ್ತಾರೆ. ಆದರೆ ಅವರು ಊರವರು. ಘಟ್ಟದ ಮೇಲಿಂದ ಬಂದವರಿಗೆ ಇಲ್ಲಿ ಒಂದು ಹೆಸರಿದೆ: ಘಾಟಿ. ಮೊದಲು ಅದು ಬರೀ ಊರಿನ ಗುರುತು ಎಂದುಕೊಂಡಿದ್ದೆ. ಮೀನು ಮಾರುವವಳು ಅದನ್ನು ಉಗುಳಿದ ಹಾಗೆ ಅಂದ ದಿನ ಅರ್ಥವಾಯಿತು.

ಬಾಯಿ ಮಾತ್ರ ಹಾಗಲ್ಲ. ನಾವು ಮೀನು ತಿನ್ನುವುದಿಲ್ಲವೆಂದು ಗೊತ್ತಾದ ಮೇಲೆ ನಮ್ಮನ್ನು ಕಂಡು ಮರುಗುತ್ತಿದ್ದಳು, ಬೇನೆಯವರನ್ನು ಕಂಡು ಮರುಗುವಂತೆ. ಹಲಸು, ಮಾವು ತಂದು ಕೊಡುತ್ತಿದ್ದಳು. ನಾನು ಜೋಳದ ರೊಟ್ಟಿ ಕೊಟ್ಟರೆ ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಳು. ಅಷ್ಟರಮಟ್ಟಿಗೆ ನಾನು ಗೆದ್ದಿದ್ದೆ.

ಅಂಗಡಿಯಲ್ಲಿ ಕೊಯ್ತಾ, ಈಳಿಗೆ, ಹಗ್ಗ, ಮೊಳೆ ಇದ್ದವು. ಕಡಲಿಗೆ ಬರುವ ವಿದೇಶಿಯರು ಹಣ್ಣು ಕೊಯ್ಯಲು ಮಡಚುವ ಚಾಕು ಕೇಳತೊಡಗಿದ ಮೇಲೆ ಇವರು ಅವನ್ನೂ ತರಿಸಿದರು. ಅವುಗಳಲ್ಲೊಂದು ಬಗೆಗೆ ಎರಡು ಹಿಡಿ. ಮಡಚಿದರೆ ಅಲಗು ಎರಡರ ನಡುವೆ ಅಡಗುತ್ತದೆ, ಬಿಚ್ಚಿದರೆ ಹಿಡಿಗಳು ರೆಕ್ಕೆಯಂತೆ ತೆರೆದುಕೊಳ್ಳುತ್ತವೆ. ನಾವು ಅದನ್ನು ಪಾತರಗಿತ್ತಿ ಚಾಕು ಎಂದು ಕರೆದೆವು.

ಇವರು ಅಂಜುಬುರುಕರು. ತರಿಸುವ ಮೊದಲೇ ಮಡಗಾಂವಿಗೆ ಹೋಗಿ ಒಬ್ಬ ವಕೀಲರನ್ನು ಕೇಳಿ ಬಂದಿದ್ದರು. ಅಲಗು ಒಂಬತ್ತು ಇಂಚು ಮೀರಿದರೆ, ಅಗಲ ಎರಡಿಂಚು ದಾಟಿದರೆ ಲೈಸೆನ್ಸ್ ಬೇಕು. ಮನೆಗೆಲಸದ್ದು, ಹೊಲದ್ದು ಆದರೆ ಬೇಡ. ಗುಂಡಿ ಒತ್ತಿದರೆ ಚಿಮ್ಮುವಂಥದ್ದರ ಗೊಡವೆಗೇ ಹೋಗಬೇಡಿ ಎಂದಿದ್ದರಂತೆ. ಒಂಬತ್ತು ಇಂಚು ಅಂದರೆ ಒಂದು ಗೇಣು. ಮಾಲು ಬಂದಾಗಲೆಲ್ಲ ಇವರು ಒಂದೊಂದರ ಮೇಲೂ ಗೇಣು ಹಾಕಿ ನೋಡುತ್ತಿದ್ದರು. ಒಂದೂ ಅರ್ಧ ಗೇಣು ದಾಟಿರಲಿಲ್ಲ.

ನವಮಿಯ ದಿನ ತಕ್ಕಡಿ, ಕೊಯ್ತಾ, ಚಾಕು ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿ ವಿಭೂತಿ, ಕುಂಕುಮ, ಚೆಂಡುಹೂವು ಏರಿಸಿದೆವು. ಅಲಗು ಕಾಣಬೇಕೆಂದು ಮಡಚುವ ಚಾಕುಗಳನ್ನು ಬಿಚ್ಚಿಯೇ ಇಟ್ಟಿದ್ದೆವು. ಒಮ್ಮೆ ಪೂಜೆಗಿಟ್ಟರೆ ಮರುದಿನ ದಸರೆಗೆ ಕದಲಿಸುವ ತನಕ ಮುಟ್ಟುವಂತಿಲ್ಲ. ನಮ್ಮ ಕಡೆ ಕೂಸಿಗೂ ಇದು ಗೊತ್ತು.

ಹಿಂದಿನ ಸಂಜೆ ಕಡಲ ದಂಡೆಯಲ್ಲಿ ಕುಡಿದವರು ಹೊಡೆದಾಡಿ ಒಬ್ಬನಿಗೆ ಚಾಕುವಿನ ಗಾಯವಾಗಿತ್ತು. ನಮಗೆ ಸುದ್ದಿಯೇ ಇರಲಿಲ್ಲ. ಚಾಕು ಮಾರುವ ಅಂಗಡಿ ಎಂದರೆ ಘಾಟಿಯದು ಎಂದು ಯಾರೋ ತೋರಿಸಿದರಂತೆ. ಹವಾಲ್ದಾರ ಬಂದಾಗ ಅವನ ಕಣ್ಣಿಗೆ ಬಿದ್ದದ್ದು ಕೆಂಪು ಹತ್ತಿದ ಬಿಚ್ಚು ಚಾಕುಗಳ ಸಾಲು.

"ಎಲ್ಲಾ ಎತ್ತಿ ತೋರಿಸು" ಎಂದ ಹಿಂದಿಯಲ್ಲಿ.

ಬೇರೆ ಯಾವ ದಿನವಾದರೂ ಇವರು ಓಡಿ ಹೋಗಿ ತೋರಿಸುತ್ತಿದ್ದರು. ಆ ದಿನ ಕೈ ಮುಗಿದರು. "ಪೂಜಾಕ್ಕ ಇಟ್ಟಾವ್ರಿ ಸಾಹೇಬ್ರ. ನಾಳಿ ಕದಲಸೂತನಕ ಮುಟ್ಟಂಗಿಲ್ಲ. ನಾಳಿ ಬರ್ರಿ, ಒಂದೊಂದೂ ತೋರಸ್ತೇನಿ." ಗಾಬರಿಯಲ್ಲಿ ಹಿಂದಿಯೂ ಮರೆತಿತ್ತು. ನಾನು ತೊದಲುತ್ತ ಹಿಂದಿಯಲ್ಲಿ ಹೇಳಿದೆ.

ಹವಾಲ್ದಾರ ನಕ್ಕ. "ನವಮೀ ಹಮಾರೇ ಘರ್ ಮೇಂ ಭೀ ಹೈ. ಹಮ್ ಕಿತಾಬ್ ರಖತೇ ಹೈಂ, ತುಮ್ ಘಾಟೀ ಲೋಗ್ ಚಾಕೂ!" ಅವರ ಮನೆಯಲ್ಲಿ ಪುಸ್ತಕ ಇಡುತ್ತಾರಂತೆ, ನಾವು ಚಾಕು. ಸುತ್ತ ಸೇರಿದವರೂ ನಕ್ಕರು. ಪೊಲೀಸರು ಹೂವು, ಕುಂಕುಮದ ಸಮೇತ ಚಾಕುಗಳನ್ನು ಗೋಣಿಚೀಲಕ್ಕೆ ಸುರಿದರು. ಕೊಯ್ತಾಗಳನ್ನು ಮುಟ್ಟಲಿಲ್ಲ. ಇವರನ್ನು ತೋಳು ಹಿಡಿದು ಪೇಟೆಯ ನಡುವೆ ನಡೆಸಿಕೊಂಡು ಹೋದರು.

ಮರುದಿನ ಬಿಟ್ಟರು. ಅಳೆದು ನೋಡಿದ್ದರು, ಮಾಲು ತರಿಸಿದ ಬಿಲ್ಲು ನೋಡಿದ್ದರು. ಗಾಯ ಮಾಡಿದ್ದು ಯಾವುದೋ ಹೋಟೆಲಿನ ಅಡುಗೆಮನೆಯ ಚಾಕು. ಕೇಸಿಲ್ಲ. ಚಾಕುಗಳನ್ನು ಮಾತ್ರ ಆಮೇಲೆ ಕೊಡುತ್ತೇವೆ ಎಂದರು. ಆ ಸಂಜೆ ಬನ್ನಿ ಎಲೆ ಹಿಡಿದು ನಿಂತೆವು. ಬಂದು ತೆಗೆದುಕೊಂಡವಳು ಬಾಯಿ ಒಬ್ಬಳೇ.

ಅಲ್ಲಿಂದ ಇವರು ಠಾಣೆಗೆ ಅಲೆಯತೊಡಗಿದರು. "ಬಿಟ್ಟಬಿಡ್ರೀ, ಹ್ವಾದ್ರ ಹೋಗಲಿ" ಎಂದೆ.

"ಚಾಕು ಯಾರಿಗೆ ಬೇಕಾಗ್ಯಾವ ಮಾರಾಯ್ತಿ? ಹೆಂಗ ಒಯ್ದಾರ ಹಂಗ ತಂದು ಕೊಡಲಿ. ಹಾಡಹಗಲ, ಪ್ಯಾಟ್ಯಾಗ. ಇವಂದೇನೂ ತಪ್ಪಿಲ್ಲ ಅಂತ ನಾಕು ಮಂದಿ ಮುಂದ ಅನಲಿ."

ಗಿರಾಕಿಗಳು ನಮ್ಮನ್ನು ದಾಟಿ ಮುಂದಿನ ಅಂಗಡಿಗೆ ಹೋಗತೊಡಗಿದರು. ಬೆಳಗಾವಿಗೆ ಹೋದಾಗ ಭಾವನವರು, "ಅಂಥಾ ಮಾಲು ಮಾರಿದ್ರ ಪೊಲೀಸರು ಬರದೆ ಬೀಗರು ಬರ್ತಾರೇನು?" ಎಂದರು. ಇಲ್ಲಿಯವರು ಘಾಟಿ ಎಂದದ್ದಕ್ಕಿಂತ ಸ್ವಂತ ಅಣ್ಣನ ಈ ಮಾತು ಇವರಿಗೆ ಹೆಚ್ಚು ತಾಗಿತು. ಊಟದ ಎಲೆ ಬಿಟ್ಟು ಎದ್ದರು. ಮುಂದಿನ ಮಳೆಗಾಲದಲ್ಲಿ, ಠಾಣೆಯಿಂದ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ.

ದಿನಕರ್ಮ ಮುಗಿದ ಮೇಲೆ ಠಾಣೆಯಿಂದ ಕರೆ ಬಂತು, ನಿಮ್ಮ ಸಾಮಾನು ಒಯ್ಯಿರಿ ಎಂದು. ಹಿಂಬಾಗಿಲ ಹತ್ತಿರ ಅದೇ ಹವಾಲ್ದಾರ ಅದೇ ಗೋಣಿಚೀಲ ಕೊಟ್ಟ. ಎಲ್ಲ ಇದ್ದವು, ತುಕ್ಕು ಹಿಡಿದಿದ್ದವು.

"ಇವನ್ನು ಇಟ್ಟುಕೊಂಡದ್ದು ತಪ್ಪೇ?" ಎಂದು ಕೇಳಿದೆ. ಈಗ ನನಗೆ ಹಿಂದಿ ಚೆನ್ನಾಗಿ ಬರುತ್ತಿತ್ತು.

"ತಪ್ಪಿಲ್ಲ. ಅದಕ್ಕೇ ಕೊಡುತ್ತಿದ್ದೇವಲ್ಲ."

"ಹಾಗಾದರೆ ಆ ಮಾತನ್ನು ಪೇಟೆಗೆ ಬಂದು ಹೇಳಿ."

ನೋಡೋಣ ಎಂದು ಒಳಗೆ ಹೋದ.

ಈಗಲೂ ಇಲ್ಲೇ ಇದ್ದೇನೆ. ಹಗ್ಗ, ಮೊಳೆ ಮಾರುತ್ತೇನೆ. ಬೆಳಗಾವಿಗೆ ಹೋದರೆ ಗೋವಾದಾಕಿ ಬಂದಳು ಎನ್ನುತ್ತಾರೆ. ಇಲ್ಲಿ ಘಾಟಿಯ ಹೆಂಡತಿ. ಊರಿಗೆ ಬಂದುಬಿಡು ಎನ್ನುವವರಿಗೆ ಏನು ಹೇಳಲಿ? ಆ ಮಾತು ಹೇಳಬೇಕಾದದ್ದು ಈ ಪೇಟೆಯಲ್ಲಿ. ಇವರದೇನೂ ತಪ್ಪಿರಲಿಲ್ಲ ಎಂದು ಇಲ್ಲಿ ಇನ್ನೂ ಯಾರೂ ಹೇಳಿಲ್ಲ.